ತೆರೆಯೋದಷ್ಟೇ ಅಲ್ಲ, ಮುಚ್ಚೋದೂ ವೇಗವೇ: ಮೀನಿನ ಮಿದುಳಿನ ಬಾಗಿಲುಗಳ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲಿ ನಿಂತಿದ್ದೀರೋ, ಹಾಸ್ಟೆಲ್ ರೂಮಲ್ಲಿ ಮಲಗಿದ್ದೀರೋ, ಇಯರ್‌ಫೋನ್ ಹಾಕ್ಕೊಂಡು ಹೊಲದ ಬದುವಿನ ಮೇಲೆ ಕೂತಿದ್ದೀರೋ, ಎಲ್ಲಿದ್ರೂ ಸ್ವಾಗತ. ನಾನು ಮುದಗಲ್‌ನವನು. ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳೋದು ನನ್ನ ಕೆಲಸ. ಇವತ್ತಿನ ವಿಷಯ ಮೀನಿನ ಮಿದುಳು. ಇನ್ನೂ ಸರಿಯಾಗಿ ಹೇಳ್ಬೇಕಂದ್ರೆ, ಮೀನಿನ ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದು ನರಕೋಶಕ್ಕೆ ಸುದ್ದಿ ಮುಟ್ಟಿಸ್ತದಲ್ಲ, ಆ ಸುದ್ದಿಯ ವೇಗ ಯಾರ ಕೈಯಲ್ಲಿದೆ ಅನ್ನೋದು.

ಈ ಪಾಠ ಶುರು ಮಾಡಿದಾಗೆಲ್ಲ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರ್ತದೆ. "ಸರ್, ಮೀನಿನ ಮಿದುಳು ತಿಳ್ಕೊಂಡು ನಾವೇನ್ ಮಾಡೋಣ್ರಿ?" ಒಳ್ಳೇ ಪ್ರಶ್ನೆ. ಅದಕ್ಕೆ ಉತ್ತರ ಸಿಂಧನೂರು ಕಡೆಯ ಭತ್ತದ ಗದ್ದೆಯಲ್ಲಿದೆ, ಆಸ್ಪತ್ರೆಯ ಐಸಿಯು ಬಾಗಿಲಲ್ಲೂ ಇದೆ. ಅಲ್ಲಿಗೆ ಹೋಗೋ ಮೊದಲು ಮೀನಿನ ತಲೆಯೊಳಗೆ ಒಂದು ಸುತ್ತು ಹಾಕಿ ಬರೋಣ.

ಕಂದಕ ಮತ್ತು ದರವಾಜ

ಮುದಗಲ್ ಕೋಟೆ ನೋಡಿದವರಿಗೆ ಗೊತ್ತು, ಸುತ್ತ ನೀರು ನಿಂತ ಅಗಲವಾದ ಕಂದಕ ಇದೆ. ಇಂಥ ನೀರಿನ ದಂಡೆ ಮೇಲೆ ನಿಂತು ಕಾಲು ಜೋರಾಗಿ ಅಪ್ಪಳಿಸಿದ್ರೆ ಮೇಲೆ ಆಡ್ತಿದ್ದ ಮರಿಮೀನುಗಳು ಚಕ್ಕನೆ ಮೈ ತಿರುಗಿಸಿ ಮಾಯ ಆಗ್ತವೆ. ಪ್ರಯೋಗಾಲಯದಲ್ಲಿ ಇದನ್ನ ಕ್ಯಾಮೆರಾ ಇಟ್ಟು ಅಳೆದಿದ್ದಾರೆ. ಜೀಬ್ರಾಮೀನು ಅಂತ ಒಂದು ಸಣ್ಣ ಮೀನಿದೆ, ಮೈಮೇಲೆ ನೀಲಿ ಪಟ್ಟೆ. ಅದರ ಮರಿಗೆ ಜೋರಾದ ಸದ್ದು ಕೇಳಿಸಿದ್ರೆ, ಮೈ ಬಗ್ಗಿಸೋಕೆ ಶುರು ಮಾಡೋದು ಸುಮಾರು 10 ಮಿಲಿಸೆಕೆಂಡಿನ ಆಸುಪಾಸಿನಲ್ಲಿ. ಒಂದು ಸೆಕೆಂಡಿನ ನೂರನೇ ಒಂದು ಪಾಲು.

ಅದು ಎಷ್ಟು ಕಡಿಮೆ? ನಿಮ್ಮ ಕೈಯಲ್ಲಿರೋ ಫೋನಿನ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸ್ತದೆ ಅಂದ್ಕೊಳ್ರಿ. ಒಂದೊಂದು ಚಿತ್ರಕ್ಕೆ ಸುಮಾರು 16 ಮಿಲಿಸೆಕೆಂಡ್ ಆಯ್ತು. ಪರದೆ ಮೇಲೆ ಮುಂದಿನ ಚಿತ್ರ ಬರೋದ್ರೊಳಗೆ ಮೀನಿನ ಮರಿ ಸದ್ದು ಕೇಳಿ, ಯಾವ ಕಡೆ ಓಡ್ಬೇಕು ಅಂತ ತೀರ್ಮಾನ ಮಾಡಿ, ಓಡೋಕೆ ಶುರು ಮಾಡಿರ್ತದೆ.

ಈ ಕೆಲಸದಲ್ಲಿ ಮುಖ್ಯ ಪಾತ್ರ ಮೌತ್ನರ್ ಕೋಶದ್ದು. ಮಿದುಳಿನ ಹಿಂಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು, ಇಂಥ ಎರಡೇ ದೊಡ್ಡ ನರಕೋಶ. ಎಡಗಡೆ ಸದ್ದಾದ್ರೆ ಎಡಗಡೆ ಕೋಶ ಸಿಡೀತದೆ. ಅದರ ತಂತು ದಾಟಿ ಬಲಗಡೆಗೆ ಹೋಗ್ತದೆ. ಬಲಗಡೆ ಸ್ನಾಯು ಬಿಗಿದು ಮೀನು ಬಲಕ್ಕೆ, ಅಂದ್ರೆ ಅಪಾಯದಿಂದ ದೂರಕ್ಕೆ, ತಿರುಗ್ತದೆ.

ಈಗ ಮುಖ್ಯ ಮಾತು. ಈ ನರಕೋಶಗಳು ಒಂದಕ್ಕೊಂದು ಹೆಚ್ಚಿನ ಕಡೆ ಅಂಟಿಕೊಂಡಿರೋದಿಲ್ಲ, ನಡುವೆ ಒಂದು ಸಂದು ಇರ್ತದೆ. ಅದರ ಅಗಲ ಸುಮಾರು 20 ನ್ಯಾನೊಮೀಟರ್. ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪದಲ್ಲಿ ಇಂಥ ಸಂದು ಐದು ಸಾವಿರದಷ್ಟು ಹಿಡಿಸ್ತವೆ. ಇದೇ ನಮ್ಮ ಕಂದಕ. ಈಚೆ ದಂಡೆಯ ಕೋಶ ಒಂದು ರಾಸಾಯನಿಕವನ್ನ ಸಂದಿನೊಳಗೆ ಚೆಲ್ತದೆ. ಆಚೆ ದಂಡೆಯ ಗೋಡೆಯಲ್ಲಿ ಆ ರಾಸಾಯನಿಕಕ್ಕೇ ಕಾದು ಕೂತ ಪ್ರೋಟೀನುಗಳು ಇರ್ತವೆ. ಅವೇ ರಿಸೆಪ್ಟರ್‌ಗಳು. ಪಠ್ಯಪುಸ್ತಕದಲ್ಲಿ ಗ್ರಾಹಕ ಅಂತ ಬರ್ದಿರ್ತಾರೆ, ಆದ್ರೆ ಗ್ರಾಹಕ ಅಂದ್ರೆ ನಮಗೆ ಬ್ಯಾಂಕಿನ ಕ್ಯೂ ನೆನಪಾಗ್ತದೆ. ಅದಕ್ಕೆ ನಾನು ರಿಸೆಪ್ಟರ್ ಅಂತಲೇ ಹೇಳ್ತೀನಿ.

ರಿಸೆಪ್ಟರ್‌ಗಳಲ್ಲಿ ದೊಡ್ಡದಾಗಿ ಎರಡು ಜಾತಿ. ಮೊದಲನೇ ಜಾತಿಯದು ತಾನೇ ದರವಾಜ. ರಾಸಾಯನಿಕ ಬಂದು ಮುಟ್ಟಿತು, ಬಾಗಿಲು ತೆರೀತು, ಉಪ್ಪಿನ ಕಣಗಳು ಒಳಗೆ ನುಗ್ಗಿದವು, ಕೋಶಕ್ಕೆ ಸುದ್ದಿ ಮುಟ್ಟಿತು. ಎರಡನೇ ಜಾತಿಯದು ಬಾಗಿಲಲ್ಲ, ಬಾಗಿಲ ಕಾವಲುಗಾರ. ಅವನಿಗೆ ಸುದ್ದಿ ಸಿಕ್ಕಿದ್ರೆ ಒಳಗೆ ಒಬ್ಬನಿಗೆ ಹೇಳ್ತಾನೆ, ಅವನು ಇನ್ನೊಬ್ಬನಿಗೆ ಹೇಳ್ತಾನೆ, ಕೊನೆಗೆ ಎಲ್ಲೋ ಒಂದು ಬಾಗಿಲು ತೆರೀತದೆ. ಅದಕ್ಕೆ ಹತ್ತಾರು ಪಟ್ಟು, ಕೆಲವು ಸಲ ನೂರಾರು ಪಟ್ಟು ಹೆಚ್ಚು ಹೊತ್ತು ಬೇಕು. ಈ ಎರಡು ಜಾತಿ ನೆನಪಿಟ್ಕೊಳ್ರಿ, ಆಸ್ಪತ್ರೆ ಮಾತು ಬಂದಾಗ ಬೇಕಾಗ್ತವೆ.

ಒಂದೇ ರಾಸಾಯನಿಕ, ಬೇರೆ ಬೇರೆ ಬಾಗಿಲು

ಮಿದುಳಿನಲ್ಲಿ "ಎದ್ದೇಳು" ಅನ್ನೋ ಸುದ್ದಿ ಒಯ್ಯೋ ಮುಖ್ಯ ರಾಸಾಯನಿಕ ಗ್ಲುಟಮೇಟ್. ನಿಮಗೆ ಅದರ ಪರಿಚಯ ಇದೆ. ಗೋಬಿ ಮಂಚೂರಿ ಗಾಡಿಯವರು ಹಾಕೋ ಟೇಸ್ಟಿಂಗ್ ಪೌಡರ್, ಅಜಿನೊಮೊಟೊ, ಅದರಲ್ಲಿರೋದೂ ಗ್ಲುಟಮೇಟೇ. ಗೋಬಿ ತಿಂದ್ರೆ ಮಿದುಳು ಚುರುಕಾಗ್ತದೆ ಅಂತ ಮಾತ್ರ ತಿಳ್ಕೋಬೇಡ್ರಿ. ರಕ್ತದಿಂದ ಮಿದುಳಿಗೆ ಅದು ಸುಲಭವಾಗಿ ದಾಟೋದಿಲ್ಲ, ಮಿದುಳು ತನ್ನ ಗ್ಲುಟಮೇಟ್ ತಾನೇ ಮಾಡ್ಕೊಳ್ತದೆ.

ಈ ಗ್ಲುಟಮೇಟ್‌ಗೆ ಕಾದಿರೋ ಒಂದು ವೇಗದ ದರವಾಜದ ಹೆಸರು ಆಂಪಾ ರಿಸೆಪ್ಟರ್. ನಾಲ್ಕು ತುಂಡು ಪ್ರೋಟೀನು ಸೇರಿ ಆದ ಬಾಗಿಲು. ಗ್ಲುಟಮೇಟ್ ಬಂದು ಕೂತ್ರೆ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ತೆರೀತದೆ. ಕೆಲವೇ ಮಿಲಿಸೆಕೆಂಡಿನಲ್ಲಿ ಮುಚ್ಚೂ ಮುಚ್ತದೆ. ಗ್ಲುಟಮೇಟ್ ಇನ್ನೂ ಅಲ್ಲೇ ಕೂತಿದ್ರೂ ತಾನಾಗಿ ಮುಚ್ಚಿಕೊಳ್ಳೋ ಗುಣ ಅದಕ್ಕಿದೆ.

ಅದೇ ಗೋಡೆಯಲ್ಲಿ, ಅದೇ ಗ್ಲುಟಮೇಟ್‌ಗೆ ಕಾದಿರೋ ಇನ್ನೊಂದು ಬಾಗಿಲು ಎನ್‌ಎಂಡಿಎ ರಿಸೆಪ್ಟರ್. ಇದರ ಬಾಯಿಗೆ ಮೆಗ್ನೀಸಿಯಂ ಕಣ ಬಿರಡೆ ಹಾಕಿದ ಹಾಗೆ ಕೂತಿರ್ತದೆ. ಕೋಶ ಮೊದಲೇ ಸ್ವಲ್ಪ ಎಚ್ಚರ ಆಗಿದ್ರೆ ಮಾತ್ರ ಆ ಬಿರಡೆ ಸರೀತದೆ. ತೆರೆದ್ರೆ ಹತ್ತಾರು, ನೂರಾರು ಮಿಲಿಸೆಕೆಂಡ್ ತೆರೆದೇ ಇರ್ತದೆ. ಚೆಲ್ಲಿದ ರಾಸಾಯನಿಕ ಎರಡಕ್ಕೂ ಒಂದೇ. ಸುದ್ದಿ ಮಿಂಚಿನ ಹಾಗೆ ಬಂದು ಹೋಗ್ಬೇಕೋ, ಸ್ವಲ್ಪ ಹೊತ್ತು ಉಳಿಯಬೇಕೋ ಅನ್ನೋದನ್ನ ತೀರ್ಮಾನ ಮಾಡಿದ್ದು ಬಾಗಿಲು.

ಇಷ್ಟಾದ್ರೂ ಓಡೋದಕ್ಕೆ "ಎದ್ದೇಳು" ಅನ್ನೋದೊಂದೇ ಸಾಲದು. ಬಲಗಡೆ ಸ್ನಾಯು ಬಿಗಿಯುವಾಗ ಎಡಗಡೆಯದು ಸುಮ್ಮನಿರಬೇಕು. "ಸುಮ್ಮನಿರು" ಅನ್ನೋ ಸುದ್ದಿಗೆ ಬೆನ್ನುಹುರಿ ಮತ್ತು ಹಿಂಮಿದುಳಿನಲ್ಲಿ ಗ್ಲೈಸೀನ್ ಅನ್ನೋ ರಾಸಾಯನಿಕ, ಅದಕ್ಕೂ ಒಂದು ವೇಗದ ದರವಾಜ. ಹುಟ್ಟಿನಿಂದಲೇ ಆ ದರವಾಜ ಕೆಟ್ಟಿರೋ ಜೀಬ್ರಾಮೀನುಗಳಿವೆ. ಮುಟ್ಟಿದ್ರೆ ಎರಡೂ ಕಡೆ ಸ್ನಾಯು ಒಟ್ಟಿಗೇ ಬಿಗಿದು, ಮೀನು ಎತ್ತಲೂ ತಿರುಗದೆ, ಹಾರ್ಮೋನಿಯಂ ತಿದಿ ಒತ್ತಿದ ಹಾಗೆ ಉದ್ದಕ್ಕೆ ಕುಗ್ತದೆ. ಅದಕ್ಕೇ ಆ ತಳಿಗೆ ತಿದಿ ಇರೋ ಒಂದು ವಾದ್ಯದ ಹೆಸರಿಟ್ಟಿದ್ದಾರೆ, ಬ್ಯಾಂಡೋನಿಯನ್ ಅಂತ. ಮನುಷ್ಯರಲ್ಲೂ ಇದೇ ರಿಸೆಪ್ಟರ್‌ನ ದೋಷ ಇದ್ದ ಕೂಸುಗಳು ಸಣ್ಣ ಸದ್ದಿಗೂ ಬೆಚ್ಚಿ ಮೈ ಸೆಟೆಸ್ತಾವೆ. ನಮ್ಮ ಕಾಡಿನ ಕಾಸರಕದ ಬೀಜದಲ್ಲಿರೋ ಸ್ಟ್ರಿಕ್ನೀನ್ ಅನ್ನೋ ವಿಷ ಕೊಲ್ಲೋದೂ ಹೀಗೇ, ಗ್ಲೈಸೀನ್ ದರವಾಜಕ್ಕೆ ಬೀಗ ಹಾಕಿ.

ಬೆಂಗಳೂರಿನಲ್ಲಿ ಕೇಳಿಸಿಕೊಂಡ ಮಾತು

ಈ ಬಾಗಿಲುಗಳ ಬಗ್ಗೆ ನಮ್ಮ ರಾಜ್ಯದಲ್ಲೇ ಕೆಲಸ ನಡೀತಿದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ, ಎನ್‌ಸಿಬಿಎಸ್ ಇದೆ. ಅಲ್ಲಿ ವತ್ಸಲಾ ತಿರುಮಲೈ ಅವರ ಪ್ರಯೋಗಾಲಯ ಜೀಬ್ರಾಮೀನಿನ ಮರಿಗಳ ಮಿದುಳನ್ನ ಅಧ್ಯಯನ ಮಾಡ್ತದೆ.

ಜೀಬ್ರಾಮೀನೇ ಯಾಕೆ? ಅದೇನು ಫಾರಿನ್ ಮೀನಲ್ಲ. ಭಾರತದ ಹೊಳೆ, ಹಳ್ಳ, ಭತ್ತದ ಗದ್ದೆಗಳ ನೀರಿನ ಮೀನು. 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಗಂಗಾ ನದಿಯ ಮೀನುಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನ ಮೊದಲು ದಾಖಲಿಸಿದ. ಲ್ಯಾಬಿನ ಪ್ರಾಣಿಯಾಗಿ ಪ್ರಸಿದ್ಧಿಗೆ ತಂದವರು ಅಮೆರಿಕದ ಆರಿಗನ್‌ನಲ್ಲಿದ್ದ ಜಾರ್ಜ್ ಸ್ಟ್ರೈಸಿಂಗರ್. ಒಂದು ವಾರದ ಮರಿ ಸುಮಾರು 4 ಮಿಲಿಮೀಟರ್ ಉದ್ದ, ರಾಗಿ ಕಾಳು ಎರಡು ಮೂರು ಸಾಲಾಗಿ ಇಟ್ಟಷ್ಟು. ಮೈ ಗಾಜಿನ ಹಾಗೆ ಪಾರದರ್ಶಕ. ಸೂಕ್ಷ್ಮದರ್ಶಕದ ಕೆಳಗೆ ಇಟ್ರೆ, ಬದುಕಿರೋ ಮರಿಯ ನರಕೋಶಗಳನ್ನೇ ನೋಡಬಹುದು.

2015ರಲ್ಲಿ ಮೋಹಿನಿ ಸೇನ್‌ಗುಪ್ತಾ ಮತ್ತು ವತ್ಸಲಾ ತಿರುಮಲೈ ಒಂದು ಸಂಶೋಧನೆ ಪ್ರಕಟಿಸಿದ್ರು. ಅವರು ನೋಡಿದ್ದು ಪರ್ಕಿಂಜೆ ಕೋಶಗಳನ್ನ. ಇವು ಅನುಮಸ್ತಿಷ್ಕದಲ್ಲಿ, ಅಂದ್ರೆ ಚಲನೆಯನ್ನ ಹದಕ್ಕೆ ತರೋ ಕಿರುಮಿದುಳಿನಲ್ಲಿ ಇರ್ತವೆ. ನೀವು ಗಾಡಿ ಬ್ಯಾಲೆನ್ಸ್ ಮಾಡೋದ್ರ ಹಿಂದೆ, ಕ್ರಿಕೆಟ್ ಚೆಂಡು ಹಿಡಿಯೋದ್ರ ಹಿಂದೆ ಇರೋ ಕೋಶಗಳೂ ಇವೇ.

ಮೀನಿಗೆ ಅರಿವಳಿಕೆ ಕೊಡದೆ, ಎಚ್ಚರ ಇರುವಾಗಲೇ, ಕೂದಲಿಗಿಂತ ಬಹಳ ಸಣ್ಣ ಮೊನೆಯ ಗಾಜಿನ ಕೊಳವೆಯಿಂದ ಒಂದೊಂದು ಕೋಶದ ವಿದ್ಯುತ್ತನ್ನ ಅವರು ಅಳೆದರು. ಆಗ ಕಂಡಿದ್ದು ಇದು: ಪರ್ಕಿಂಜೆ ಕೋಶಕ್ಕೆ ಎರಡು ಮನಸ್ಥಿತಿ. ಒಂದರಲ್ಲಿ ಗಡಿಯಾರದ ಹಾಗೆ ಟಿಕ್ ಟಿಕ್ ಅಂತ ಒಂದೇ ಸಮ ಮಿಡೀತದೆ. ಇನ್ನೊಂದರಲ್ಲಿ ಸುಮ್ಮನಿದ್ದು, ಇದ್ದಕ್ಕಿದ್ದ ಹಾಗೆ ಪಟಾಕಿ ಸರದಂತೆ ಸಿಡಿದು ಮತ್ತೆ ಸುಮ್ಮನಾಗ್ತದೆ. ತಾನಾಗಿಯೇ ಒಂದರಿಂದ ಇನ್ನೊಂದಕ್ಕೆ ಬದಲಾಗ್ತದೆ.

ಆ ಸರಕ್ಕೆ ಬೆಂಕಿ ಹಚ್ಚೋದು ಯಾವ ಬಾಗಿಲು? "ಸುಮ್ಮನಿರು" ಅನ್ನೋ ಗಾಬಾ ರಿಸೆಪ್ಟರ್ ಬೇಕಾ ಅಂತ ನೋಡಿದ್ರು. ಬೇಕಿರಲಿಲ್ಲ. ನಿಧಾನದ ಎನ್‌ಎಂಡಿಎ ಬೇಕಾ? ಅದೂ ಬೇಕಿರಲಿಲ್ಲ. ಕ್ಲೈಂಬಿಂಗ್ ಫೈಬರ್ ಅಂತ ಒಂದು ನರತಂತು ಹೊರಗಿನಿಂದ ಬಂದು ಪರ್ಕಿಂಜೆ ಕೋಶಕ್ಕೆ ಸುದ್ದಿ ಕೊಡ್ತದೆ. ಅದು ಆಂಪಾ ರಿಸೆಪ್ಟರ್‌ಗಳನ್ನ ತೆರೆದ್ರೆ ಸಾಕು, ಸರ ಸಿಡೀತಿತ್ತು. ಜೊತೆಗೆ ಇನ್ನೊಂದು ಗಮನಿಸಿದ್ರು. ಸ್ನಾಯುಗಳಿಗೆ ಹೋಗೋ ನರಗಳು ಮಿಡಿಯೋಕೆ ಶುರು ಮಾಡೋ ಹೊತ್ತಿಗೆ ಈ ಸುದ್ದಿಗಳ ಬರವೂ ಹೆಚ್ಚಾಗ್ತಿತ್ತು. ಅಂದ್ರೆ ಚಲನೆ ಶುರುವಾಗೋದಕ್ಕೂ ಈ ವೇಗದ ಬಾಗಿಲು ತೆರೆಯೋದಕ್ಕೂ ನಂಟಿದೆ.

ಅದೇ ಪ್ರಯೋಗಾಲಯದಿಂದ 2021ರಲ್ಲಿ ಇನ್ನೊಂದು ಸುದ್ದಿ ಬಂತು. ಕೆಲವು ನರಕೋಶಗಳ ನಡುವೆ ಸಂದೇ ಇಲ್ಲದೆ ನೇರವಾಗಿ ವಿದ್ಯುತ್ ಹರಿಯೋ ಜೋಡಣೆಗಳೂ ಇರ್ತವೆ. ಪರ್ಕಿಂಜೆ ಕೋಶಗಳಲ್ಲಿ ಅಂಥ ಜೋಡಣೆಯ ಒಂದು ಪ್ರೋಟೀನನ್ನ ಇಲ್ಲದಂತೆ ಮಾಡಿದಾಗ, ಕೋಶದ ಕೊಂಬೆಗಳು ಕುಂಠಿತವಾದವು, ಗ್ಲುಟಮೇಟ್ ಸುದ್ದಿ ಬರೋ ಜಾಗಗಳೂ ಕಡಿಮೆಯಾದವು. ವಿದ್ಯುತ್ ಜೋಡಣೆ ಮೊದಲು ಸರಿಯಾಗಿ ಆಗ್ಬೇಕು, ಆಗ ದರವಾಜ ಕೂಡಿಸೋ ಕೆಲಸ ನೆಟ್ಟಗಾಗ್ತದೆ.

ಬಾಗಿಲು ಮುಚ್ಚದಿದ್ರೆ

ಇಲ್ಲಿವರೆಗೆ ಮಿದುಳಿನೊಳಗಿನ ಮಾತಾಯ್ತು. ಕೊನೆಯ ಕಂದಕ ಒಂದು ಉಳಿದಿದೆ, ನರಕ್ಕೂ ಸ್ನಾಯುವಿಗೂ ನಡುವಿನದು. ಅಲ್ಲಿಯ ರಾಸಾಯನಿಕ ಅಸಿಟೈಲ್‌ಕೋಲಿನ್. ಅಲ್ಲಿಯ ದರವಾಜ ನಿಕೋಟಿನಿಕ್ ರಿಸೆಪ್ಟರ್, ಅದೂ ವೇಗದ ಜಾತಿ. ಹುಟ್ಟಿನಿಂದ ಈ ದರವಾಜವೇ ಇಲ್ಲದ ಜೀಬ್ರಾಮೀನಿನ ತಳಿಯೊಂದಿದೆ. ಮಿದುಳು "ಈಜು" ಅಂತ ಎಷ್ಟು ಹೇಳಿದ್ರೂ ಮೈ ಅಲ್ಲಾಡೋದಿಲ್ಲ. ವಿಜ್ಞಾನಿಗಳು ಅದಕ್ಕಿಟ್ಟ ಹೆಸರು ಸೋಫಾ ಪೊಟಾಟೊ! ನಾಗರಹಾವಿನ ವಿಷದಲ್ಲಿರೋ ಒಂದು ಬಗೆಯ ಪ್ರೋಟೀನು ಬೀಗ ಹಾಕೋದೂ ಇದೇ ಬಾಗಿಲಿಗೆ.

ಈ ಕಂದಕದಲ್ಲಿ ಅಸಿಟೈಲ್‌ಕೋಲಿನ್ ಉಳಿಯೋ ಹಾಗಿಲ್ಲ. ಅದನ್ನ ಕತ್ತರಿಸೋಕೆ ಕೊಲಿನೆಸ್ಟರೇಸ್ ಅನ್ನೋ ಕಿಣ್ವ ಅಲ್ಲೇ ಕಾದಿರ್ತದೆ. ಒಂದು ಕಿಣ್ವ ಸೆಕೆಂಡಿಗೆ ಸಾವಿರಾರು ಅಣುಗಳನ್ನ ಕತ್ತರಿಸ್ತದೆ. ಸುದ್ದಿ ಬಂತು, ಬಾಗಿಲು ತೆರೀತು, ಕಂದಕ ತೊಳೆದು ಹೋಯ್ತು, ಬಾಗಿಲು ಮುಚ್ಚಿತು. ಆಗ ಮಾತ್ರ ಮುಂದಿನ ಸುದ್ದಿಗೆ ಜಾಗ.

ಈಗ ನಮ್ಮ ಕಡೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭಾಗ ಭತ್ತದ ಸೀಮೆ ಆಯ್ತು. ಮಸ್ಕಿ, ಲಿಂಗಸುಗೂರು ಕಡೆ ಹತ್ತಿ, ತೊಗರಿನೂ ಉಂಟು. ಎಲ್ಲದಕ್ಕೂ ಎಣ್ಣೆ ಹೊಡೀತೀವಿ. ಕೀಟನಾಶಕಕ್ಕೆ ನಾವು ಎಣ್ಣೆ ಅಂತೀವಿ, ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಆ ಡಬ್ಬಿಗಳಲ್ಲಿ ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಮಾನೊಕ್ರೊಟೊಫಾಸ್ ಅಂತ ಹೆಸರು ಓದಿರ್ತೀರಿ. ಇವೆಲ್ಲ ಒಂದೇ ಕುಟುಂಬ, ಆರ್ಗನೊಫಾಸ್ಫೇಟ್. ಇವು ಮಾಡೋ ಕೆಲಸ ಒಂದೇ: ಆ ಕತ್ತರಿಸೋ ಕಿಣ್ವವನ್ನ ಕಟ್ಟಿಹಾಕೋದು. ಹುಳದ ಮೈಯಲ್ಲೂ ಅದೇ, ಮೀನಿನ ಮೈಯಲ್ಲೂ ಅದೇ, ಪಂಪು ಬೆನ್ನಿಗೆ ಹಾಕ್ಕೊಂಡ ಮನುಷ್ಯನ ಮೈಯಲ್ಲೂ ಅದೇ. ನೀರಿಗೆ ಈ ವಿಷ ಸೇರಿದೆಯಾ ಅಂತ ತಿಳಿಯೋಕೆ ಮೀನಿನ ಮಿದುಳಿನ ಕೊಲಿನೆಸ್ಟರೇಸ್ ಎಷ್ಟು ಕುಗ್ಗಿದೆ ಅಂತ ಅಳೆಯೋದು ವಿಜ್ಞಾನಿಗಳ ಹಳೇ ಪದ್ಧತಿ.

ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪ ಗಾಳಿಗೆ ಎದುರಾಗಿ ಎಣ್ಣೆ ಹೊಡೆದು ಮನೆಗೆ ಬಂದವರು, ಸಂಜೆ ಹೊತ್ತಿಗೆ ಬೆವರು, ಬಾಯಲ್ಲಿ ಜೊಲ್ಲು, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು, ತೋಳಿನ ಸ್ನಾಯು ಪಟಪಟ ಅದುರ್ತಾ ಇತ್ತು. ಆಸ್ಪತ್ರೆಗೆ ಒಯ್ದ್ವಿ. ಅಟ್ರೊಪಿನ್ ಇಂಜೆಕ್ಷನ್ ಕೊಟ್ರು, ಜೊಲ್ಲು ಬೆವರು ನಿಂತವು. ಎಲ್ಲರೂ ಉಸಿರು ಬಿಟ್ವಿ. ಆದ್ರೆ ಮಾರನೇ ದಿನ ಉಸಿರಾಟ ಸೋತು ವೆಂಟಿಲೇಟರ್ ಹಾಕ್ಬೇಕಾಯ್ತು. ದೊಡ್ಡಮ್ಮ ನನ್ನ ತೋಳು ಹಿಡಿದು ಕೇಳಿದ್ಲು, "ಇಂಜೆಕ್ಷನ್ ಹತ್ತೇತಿ ಅಂದ್ರು, ಮತ್ತ ಮಷಿನ್ ಯಾಕಪಾ? ನಮಗ ಏನರ ಮುಚ್ಚಿಡಾಕತ್ಯಾರೇನು?"

ಆ ಪ್ರಶ್ನೆಗೆ ಉತ್ತರ ರಿಸೆಪ್ಟರ್‌ನಲ್ಲಿದೆ. ಅಸಿಟೈಲ್‌ಕೋಲಿನ್‌ಗೆ ಎರಡೂ ಜಾತಿಯ ರಿಸೆಪ್ಟರ್ ಇವೆ. ಜೊಲ್ಲು, ಬೆವರು, ಶ್ವಾಸಕೋಶದ ಕಫ, ಹೃದಯದ ಬಡಿತ, ಇವುಗಳ ಮೇಲೆ ಕೂತಿರೋದು ನಿಧಾನದ ಜಾತಿ, ಕಾವಲುಗಾರ ಅಂದೆನಲ್ಲ, ಅದು. ಅಟ್ರೊಪಿನ್ ಅದನ್ನ ಮುಚ್ಚತದೆ, ಜೀವ ಉಳಿಸ್ತದೆ. ಆದ್ರೆ ಸ್ನಾಯುವಿನ ವೇಗದ ದರವಾಜಕ್ಕೆ ಅಟ್ರೊಪಿನ್ ಕೈ ಹಾಕೋದಿಲ್ಲ. ಅಲ್ಲಿ ಕಂದಕ ತುಂಬ ಅಸಿಟೈಲ್‌ಕೋಲಿನ್ ನಿಂತುಬಿಟ್ಟಿದೆ. ಮೊದಲು ಬಾಗಿಲು ಮತ್ತೆ ಮತ್ತೆ ತೆರೆದು ಸ್ನಾಯು ಅದುರಿತು. ಆಮೇಲೆ ಬಾಗಿಲು ದಣಿದು, ಸುದ್ದಿಗೆ ಸ್ಪಂದಿಸೋದನ್ನೇ ಬಿಟ್ಟಿತು. ಎದೆಯ ಸ್ನಾಯುವೂ ಸ್ನಾಯುವೇ ತಾನೆ? ಉಸಿರು ನಿಂತದ್ದು ಅದಕ್ಕೆ. ಕಿಣ್ವ ಮತ್ತೆ ಚೇತರಿಸಿಕೊಳ್ಳೋವರೆಗೆ ಮಷಿನ್ ಉಸಿರಾಡಿಸಬೇಕು. ಮುಚ್ಚಿಟ್ಟಿದ್ದು ಏನೂ ಇರಲಿಲ್ಲ. ಇದನ್ನ ದೊಡ್ಡಮ್ಮನಿಗೆ ದರವಾಜದ ಲೆಕ್ಕದಲ್ಲೇ ಹೇಳಿದೆ. ಅರ್ಥ ಆಯ್ತು. ಬೇರೆ ಕಡೆ ಕರ್ಕೊಂಡು ಹೋಗೋಣ ಅಂತ ಗದ್ದಲ ಮಾಡ್ತಿದ್ದವರನ್ನ ಅವಳೇ ಸುಮ್ಮನಾಗಿಸಿದ್ಲು. ದೊಡ್ಡಪ್ಪ ಹನ್ನೊಂದನೇ ದಿನಕ್ಕೆ ಮನೆಗೆ ಬಂದ್ರು.

ಹಿಂದಿನ ಬೆಂಚಿನ ಹುಡುಗರಿಗೆ ನಾನು ಕೊಡೋ ಉತ್ತರ ಇದು. ವೇಗ ಅಂದ್ರೆ ಬಾಗಿಲು ಬೇಗ ತೆರೆಯೋದು ಅಂತ ನಾವು ತಿಳ್ಕೊಂಡಿರ್ತೀವಿ. ಮೀನಿನ ಮಿದುಳು ಹೇಳೋದು ಬೇರೆ. ಬೇಗ ಮುಚ್ಚಿದ್ರೆ ಮಾತ್ರ ಅದು ವೇಗ. ಮುಚ್ಚದ ಬಾಗಿಲು ಕೊನೆಗೆ ತೆರೆಯೋದನ್ನೂ ಮರೀತದೆ.

ಹೋಗೋ ಮೊದಲು ಕೆಲಸಕ್ಕೆ ಬರೋ ನಾಲ್ಕು ಮಾತು. ಡಬ್ಬಿ ಮೇಲಿನ ಬಣ್ಣದ ಗುರುತು ನೋಡ್ರಿ: ಕೆಂಪು ಅಂದ್ರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಗಾಳಿ ಬೆನ್ನಿಗಿರೋ ಹಾಗೆ ನಿಂತು, ತುಂಬು ತೋಳಿನ ಅಂಗಿ, ಕೈಗವಸು, ಮುಖಕ್ಕೆ ಮಾಸ್ಕ್ ಹಾಕ್ಕೊಂಡು ಹೊಡೀರಿ. ಪಂಪನ್ನ ಕಾಲುವೆಯಲ್ಲಿ, ಹಳ್ಳದಲ್ಲಿ ತೊಳೀಬೇಡ್ರಿ. ಅಲ್ಲಿರೋ ಮೀನಿಗೂ ಅದೇ ಕಿಣ್ವ, ಅದೇ ದರವಾಜ.

ಕಾರಣ ಏನೇ ಇರಲಿ, ಯಾರ ಮೈಗಾದ್ರೂ ವಿಷ ಸೇರಿದ್ರೆ ಬಟ್ಟೆ ತೆಗೆದು ಸೋಪು, ಬಹಳಷ್ಟು ನೀರು ಹಾಕಿ ತೊಳೀರಿ. ತೊಳೆಯೋರೂ ಕೈಗವಸು ಹಾಕ್ಕೊಳ್ರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗಬೇಡ್ರಿ. 108ಕ್ಕೆ ಫೋನ್ ಮಾಡ್ರಿ. ಡಬ್ಬಿ ಜೊತೆಗೇ ಒಯ್ಯಿರಿ, ಅಥವಾ ಲೇಬಲ್‌ನ ಫೋಟೊ ಹೊಡ್ಕೊಂಡು ಹೋಗ್ರಿ. ಯಾವ ಬಾಗಿಲಿಗೆ ಏನಾಗಿದೆ ಅಂತ ಡಾಕ್ಟರಿಗೆ ಮೊದಲು ಹೇಳೋದು ಆ ಲೇಬಲ್. ಜೊಲ್ಲು ನಿಂತಿತು ಅಂತ ಮಾರನೇ ದಿನವೇ ಡಿಸ್ಚಾರ್ಜ್ ಕೇಳಬೇಡ್ರಿ.

ಮನೆಯಲ್ಲಿ ಎಣ್ಣೆ ಹೊಡೆಯೋ ಅಪ್ಪನೋ, ಕಾಕಾನೋ, ಅಣ್ಣನೋ ಇದ್ರೆ, ಈ ಸಂಚಿಕೆಯ ಲಿಂಕ್ ಕಳಿಸೋದಕ್ಕಿಂತ ಪಕ್ಕದಲ್ಲಿ ಕೂತು ಕೇಳಿಸ್ರಿ. ನಡುವೆ ಅವರು ಪ್ರಶ್ನೆ ಕೇಳ್ತಾರೆ. ಉತ್ತರ ಈಗ ನಿಮಗೆ ಗೊತ್ತಿದೆ.